ಮರಳುಗಾಡಿನ ಬೇಸಿಗೆಯಲ್ಲಿ ಮನೆ ತಂಪಾಗಿರಬೇಕಾದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮರಳುಗಾಡಿನ ಬಿಸಿಲು ಬೇರೆ ಜಾತಿಯದು. ಥಾರ್ ಮರುಭೂಮಿಯ ಅಂಚಿನ ಫಲೋಡಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಅಮೆರಿಕದ ಡೆತ್ ವ್ಯಾಲಿಯಲ್ಲಿ 1913ರ ಜುಲೈ 10ರಂದು 56.7 ಡಿಗ್ರಿ. ಇಂಥ ಕಡೆ ಮನೆ ಮಾಡಿಕೊಂಡಿರುವವರು ಮಾತಿನ ನಡುವೆ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಸುಲಭದವು ಮೊದಲು, ತಲೆ ಕೆಡಿಸುವಂಥವು ಆಮೇಲೆ.

ಒಂದು ಸೂಚನೆ: ದಿಕ್ಕುಗಳನ್ನೆಲ್ಲ ಭೂಮಧ್ಯರೇಖೆಯ ಉತ್ತರಕ್ಕಿರುವ ಊರುಗಳ ಲೆಕ್ಕದಲ್ಲಿ ಹೇಳಿದ್ದೇನೆ. ಆಸ್ಟ್ರೇಲಿಯಾದಂಥ ಕಡೆ ಇರುವವರು ಉತ್ತರ, ದಕ್ಷಿಣಗಳನ್ನು ಅದಲು ಬದಲು ಮಾಡಿಕೊಂಡು ಓದಿ. ಪೂರ್ವ, ಪಶ್ಚಿಮ ಎಲ್ಲ ಕಡೆ ಒಂದೇ.

## ಮೊದಲು ತಿಳಿಯಬೇಕಾದ್ದು

ಸಂಜೆ ಹೊರಗೆ ಹಾಯಾಗಿರುತ್ತೆ. ಒಳಗೆ ಮಾತ್ರ ರಾತ್ರಿ ಹತ್ತಾದರೂ ಒಲೆ ಮೇಲೆ ಕೂತ ಹಾಗೆ. ಯಾಕೆ ಹೀಗೆ?

ಕಾಂಕ್ರೀಟ್ ತಾರಸಿ ಬಿಸಿಯನ್ನು ಸಾಲ ಪಡೆದು ತಡವಾಗಿ ತೀರಿಸುತ್ತದೆ. ನಡು ಮಧ್ಯಾಹ್ನ ಒಂದು ಚದರ ಮೀಟರ್ ತಾರಸಿಯ ಮೇಲೆ ಸುಮಾರು 1,000 ವಾಟ್ ಬಿಸಿಲು ಬೀಳುತ್ತದೆ. ಅಂದರೆ ಚದರ ಮೀಟರಿಗೆ ಒಂದೊಂದು ಇಸ್ತ್ರಿಪೆಟ್ಟಿಗೆ ಇಟ್ಟ ಹಾಗೆ. ಆ ಕಾವು ಮಾಮೂಲಿ ದಪ್ಪದ ಸ್ಲ್ಯಾಬ್ ದಾಟಿ ಒಳಮುಖಕ್ಕೆ ಬರಲು ಮೂರ್ನಾಲ್ಕು ಗಂಟೆ ಬೇಕು. ನೀವು ಕೆಲಸ ಮುಗಿಸಿ ಬಂದು ಕೂರುವ ಹೊತ್ತಿಗೆ ಸರಿಯಾಗಿ ಅದು ನಿಮ್ಮ ತಲೆಯ ಮೇಲೆ ಇಳಿಯುತ್ತಿರುತ್ತದೆ.

ಇದರಿಂದ ಒಂದು ವಿಷಯ ಸ್ಪಷ್ಟ. ಸಂಜೆಯ ಧಗೆಗೆ ಸಂಜೆ ಮದ್ದು ಹುಡುಕಿದರೆ ತಡವಾಯಿತು. ತಾರಸಿಗೆ ಬಿಸಿಲು ತಾಗುವಾಗಲೇ ತಡೆಯಬೇಕು. ಈ ಪುಟದ ಅರ್ಧ ಉತ್ತರಗಳು ಸುತ್ತಿ ಸುತ್ತಿ ಇಲ್ಲಿಗೇ ಬರುತ್ತವೆ.

ಮನೆಗೆ ಬಿಸಿ ಜಾಸ್ತಿ ಬರೋದು ಎಲ್ಲಿಂದ? ದಕ್ಷಿಣದ ಗೋಡೆಯಿಂದ ಅಲ್ವಾ?

ಅಲ್ಲ. ಬೇಸಿಗೆಯ ಮಧ್ಯಾಹ್ನ ಸೂರ್ಯ ಹೆಚ್ಚು ಕಡಿಮೆ ನೆತ್ತಿಯ ಮೇಲಿರುತ್ತಾನೆ. ದಕ್ಷಿಣದ ಗೋಡೆಗೆ ಬಿಸಿಲು ಓರೆಯಾಗಿ ಸವರಿಕೊಂಡು ಹೋಗುತ್ತದೆ, ಅಷ್ಟೆ. ಚಳಿಗಾಲದಲ್ಲಿ ದಕ್ಷಿಣದ ಬಿಸಿಲು ಒಳಗೆ ಬರುವುದನ್ನು ನೋಡಿ ಅಭ್ಯಾಸವಾದವರು ಇಲ್ಲಿ ಮೋಸ ಹೋಗುತ್ತಾರೆ.

ಬೇಸಿಗೆಯ ನಿಜವಾದ ಕಳ್ಳದಾರಿಗಳು ಇವು: ಮೊದಲು ತಾರಸಿ, ಆಮೇಲೆ ಪಶ್ಚಿಮದ ಕಿಟಕಿ ಮತ್ತು ಗೋಡೆ, ನಂತರ ಪೂರ್ವದ್ದು. ಕೊನೆಗೆ ಬಾಗಿಲ ಸಂದಿ, ಕಿಟಕಿ ಸಂದಿಗಳಿಂದ ನುಗ್ಗುವ ಗಾಳಿ. ಪಶ್ಚಿಮಕ್ಕೆ ಪೂರ್ವಕ್ಕಿಂತ ಜಾಸ್ತಿ ಅಂಕ ಕೊಡಲು ಕಾರಣವಿದೆ. ಎರಡಕ್ಕೂ ಬೀಳುವ ಬಿಸಿಲು ಒಂದೇ. ಆದರೆ ಪಶ್ಚಿಮದ ಬಿಸಿಲು ಬೀಳುವ ಹೊತ್ತಿಗೆ ಹೊರಗಿನ ಗಾಳಿಯೂ ಕಾದು, ಮನೆಯೂ ಕಾದಿರುತ್ತದೆ.

ನಿಮ್ಮ ಮನೆಯ ಕಥೆ ತಿಳಿಯಲು ಉಪಕರಣ ಬೇಕಿಲ್ಲ. ಸಂಜೆ ಆರಕ್ಕೆ ಒಳಗಿನ ಒಂದೊಂದು ಗೋಡೆಗೂ ಅಂಗೈ ಒತ್ತಿ ನೋಡಿ, ಸ್ಟೂಲ್ ಹತ್ತಿ ಛಾವಣಿಯನ್ನೂ ಮುಟ್ಟಿ. ಎಲ್ಲಿ ಕೈಗೆ ಬಿಸಿ ಹತ್ತುತ್ತದೋ ಅಲ್ಲಿಂದ ಕೆಲಸ ಶುರು ಮಾಡಿ.

ಖರ್ಚಿಗೆ ಹೆಚ್ಚು ಹಣ ಇಲ್ಲ. ಒಂದೇ ಒಂದು ಕೆಲಸ ಅಂದರೆ ಯಾವುದು?

ಮೇಲಿನ ಮಹಡಿಯಲ್ಲಿದ್ದರೆ ತಾರಸಿಗೆ ಬಿಳಿ ಬಳಿಸಿ. ಕೆಳಗಿನ ಮಹಡಿಯಲ್ಲಿದ್ದು ನಿಮ್ಮ ಮೇಲೆ ಇನ್ನೊಂದು ಮನೆ ಇದ್ದರೆ ಪಶ್ಚಿಮದ ಕಿಟಕಿಗೆ ಹೊರಗಿನಿಂದ ನೆರಳು ಮಾಡಿ. ಏಸಿಯ ವಿಚಾರ ಇವೆರಡೂ ಆದ ಮೇಲೆ. ನಾನು ಕಂಡ ಹೆಚ್ಚಿನ ಮನೆಗಳಲ್ಲಿ ಇದು ಉಲ್ಟಾ ನಡೆಯುತ್ತದೆ. ಮೊದಲು ದೊಡ್ಡ ಏಸಿ ಬರುತ್ತದೆ, ಕರೆಂಟ್ ಬಿಲ್ ಬಂದ ಮೇಲೆ ಸುಣ್ಣದ ನೆನಪಾಗುತ್ತದೆ.

ಹಗಲು ಕಿಟಕಿ ತೆರೆಯಬೇಕಾ, ಮುಚ್ಚಬೇಕಾ? ಮನೆಯಲ್ಲಿ ದಿನಾ ಇದೇ ಜಗಳ.

ಜಗಳ ಬಿಡಿಸಲು ಎರಡು ಥರ್ಮಾಮೀಟರ್ ಸಾಕು. ಒಂದನ್ನು ಹೊರಗೆ ನೆರಳಿನಲ್ಲಿ ತೂಗುಹಾಕಿ, ಇನ್ನೊಂದನ್ನು ಒಳಗೆ. ಹೊರಗಿನದು ಒಳಗಿನದಕ್ಕಿಂತ ಕೆಳಗಿದ್ದರೆ ಎಲ್ಲ ತೆರೆಯಿರಿ. ಮೇಲಿದ್ದರೆ ಎಲ್ಲ ಮುಚ್ಚಿ.

ಮರಳುಗಾಡಿನ ಒಂದು ದೊಡ್ಡ ಉಪಕಾರ ಅಂದರೆ ಅಲ್ಲಿನ ರಾತ್ರಿ. ಗಾಳಿಯಲ್ಲಿ ತೇವ ಕಡಿಮೆ, ಮೋಡವೂ ಇಲ್ಲ. ಹೀಗಾಗಿ ಮಧ್ಯಾಹ್ನಕ್ಕೂ ಬೆಳಗಿನ ಜಾವಕ್ಕೂ 15ರಿಂದ 20 ಡಿಗ್ರಿ ವ್ಯತ್ಯಾಸ ಇರುವುದು ಸಾಮಾನ್ಯ. ರಾತ್ರಿಯಿಡೀ ಎದುರು ಬದುರು ಕಿಟಕಿ ತೆರೆದಿಟ್ಟರೆ ಗೋಡೆಗಳೂ ತಣಿಯುತ್ತವೆ. ಸೂರ್ಯ ಹುಟ್ಟಿ ಒಂದೆರಡು ಗಂಟೆಯೊಳಗೆ ಎಲ್ಲ ಮುಚ್ಚಿದರೆ ಆ ತಂಪು ಮಧ್ಯಾಹ್ನದವರೆಗೂ ಕೈಹಿಡಿಯುತ್ತದೆ. "ಗಾಳಿ ಆಡಲಿ" ಅಂತ ಮಧ್ಯಾಹ್ನ ಎರಡಕ್ಕೆ ಕಿಟಕಿ ತೆರೆದರೆ ಬರುವುದು ಬಿಸಿಗಾಳಿ ಮಾತ್ರ. ಕೂಲರ್ ಹಾಕಿದ್ದರೆ ಲೆಕ್ಕ ಬೇರೆ, ಅದನ್ನು ಮುಂದೆ ಹೇಳಿದ್ದೇನೆ.

ಇಡೀ ಊರೇ ಕಾಂಕ್ರೀಟ್ ಆಗಿ ರಾತ್ರಿಯೂ 32, 33ಕ್ಕಿಂತ ಕೆಳಗಿಳಿಯದ ಕಡೆ ಈ ಉಪಾಯದ ಬಲ ಅರ್ಧಕ್ಕೆ ಇಳಿಯುತ್ತದೆ. ಅಲ್ಲಿ ಬೆಳಗಿನ ಜಾವ ನಾಲ್ಕರಿಂದ ಆರು ಗಂಟೆಯೇ ಚಿನ್ನದಂಥ ಸಮಯ.

ಬಾಡಿಗೆ ಮನೆ. ಮೊಳೆ ಹೊಡೆಯಲೂ ಬಿಡಲ್ಲ. ಏನು ಮಾಡಲಿ?

ಕಿಟಕಿಯ ಗ್ರಿಲ್‌ಗೆ ಹೊರಗಿನಿಂದ ಬಿದಿರಿನ ಚಾಪೆ ಅಥವಾ ಶೇಡ್ ನೆಟ್ ಕಟ್ಟಿ. ಕಟ್ಟಲು ದಾರ ಸಾಕು, ಮೊಳೆ ಬೇಡ. ಅದೂ ಆಗದಿದ್ದರೆ ರಟ್ಟಿಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿ, ಹೊಳೆಯುವ ಮುಖ ಹೊರಗೆ ಬರುವಂತೆ ಗಾಜಿಗೆ ಆನಿಸಿಡಿ. ನೋಡಲು ಚೆನ್ನಾಗಿರಲ್ಲ, ನಿಜ. ಬಾಗಿಲ ಕೆಳಗಿನ ಸಂದಿಗೆ ಬಟ್ಟೆಯ ಸುರುಳಿ ಇಡಿ. ಹಾಸಿಗೆಯನ್ನು ಪಶ್ಚಿಮದ ಗೋಡೆಯಿಂದ ದೂರ ಸರಿಸಿ. ಇಷ್ಟಕ್ಕೆ ಮನೆ ಮಾಲೀಕರು ತಕರಾರು ಮಾಡಲಾರರು.

## ತಾರಸಿ ಮತ್ತು ಗೋಡೆ

ಬಿಳಿ ಬಣ್ಣ ಬಳಿದರೆ ನಿಜವಾಗಲೂ ವ್ಯತ್ಯಾಸ ಆಗುತ್ತಾ? ಅಥವಾ ಪೇಂಟ್ ಮಾರುವವರ ಕಥೆನಾ?

ಕಥೆಯಲ್ಲ. ಕಪ್ಪು ಅಥವಾ ಗಾಢ ಬಣ್ಣದ ತಾರಸಿಯ ಮೈ ಬೇಸಿಗೆಯ ಬಿಸಿಲಿಗೆ 65 ಡಿಗ್ರಿ ದಾಟುತ್ತದೆ. ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿ ತಾರಸಿ ಅದೇ ಹೊತ್ತಿನಲ್ಲಿ 25 ಡಿಗ್ರಿಗೂ ಹೆಚ್ಚು ತಣ್ಣಗಿರಬಹುದು. ಹೊಸ ಬಿಳಿ ಲೇಪನ ಬಿಸಿಲಿನ ಐದು ಪಾಲಿನಲ್ಲಿ ನಾಲ್ಕನ್ನು ವಾಪಸ್ ಕಳಿಸುತ್ತದೆ. ಹಳೆಯ ಕಪ್ಪು ಡಾಂಬರು ಹಾಳೆ ಹೊದಿಸಿದ ತಾರಸಿ ಐದರಲ್ಲಿ ನಾಲ್ಕಕ್ಕಿಂತ ಜಾಸ್ತಿಯನ್ನು ನುಂಗಿಕೊಳ್ಳುತ್ತದೆ.

ಇಷ್ಟು ಗೊತ್ತಿರಲಿ. ಒಂದು, ಸುಣ್ಣವೂ ಕೆಲಸ ಮಾಡುತ್ತದೆ, ಆದರೆ ಮಳೆಗೆ ತೊಳೆದು ಹೋಗುತ್ತದೆ, ಕಾಲಿಗೆ ಹತ್ತುತ್ತದೆ. ತಾರಸಿಗೆಂದೇ ಮಾಡಿದ ಲೇಪನ ವರ್ಷಗಟ್ಟಲೆ ಬಾಳುತ್ತದೆ. ಎರಡು, ಮರಳುಗಾಡಿನಲ್ಲಿ ಧೂಳೇ ದೊಡ್ಡ ಶತ್ರು. ಒಂದು ಧೂಳು ಬಿರುಗಾಳಿ ಸಾಕು, ಬಿಳಿ ತಾರಸಿ ಕಂದು ಬಣ್ಣಕ್ಕೆ ತಿರುಗಲು. ಗಾಳಿ ನಿಂತ ಮೇಲೆ ಪೊರಕೆ ಹಿಡಿದು ಗುಡಿಸಿ. ಬೇಸಿಗೆಗೆ ಮುಂಚೆ ಒಮ್ಮೆ ತೊಳೆಯಿರಿ. ಮೂರು, ಬಿಳಿ ತಾರಸಿಯ ಪ್ರಖರ ಬೆಳಕು ಎದುರು ಮನೆಯ ಎತ್ತರದ ಕಿಟಕಿಗೆ ಹೊಡೆಯಬಹುದು. ಮೊದಲೇ ಒಂದು ಮಾತು ಹೇಳಿಬಿಡಿ.

ಹಾಗಾದರೆ ಹೊಳೆಯುವ ತಗಡು ಇನ್ನೂ ಒಳ್ಳೆಯದಲ್ವಾ?

ಅನ್ನಿಸುತ್ತದೆ, ಆದರೆ ಅಲ್ಲ. ಹೊಳೆಯುವ ಲೋಹ ಬಿಸಿಲನ್ನು ವಾಪಸ್ ಕಳಿಸುತ್ತದೆ. ಆದರೆ ನುಂಗಿದ ಅಷ್ಟಿಷ್ಟು ಕಾವನ್ನು ಹೊರಗೆ ಬಿಡಲು ಅದಕ್ಕೆ ಬರುವುದಿಲ್ಲ. ಬಿಳಿ ಬಣ್ಣ ಎರಡೂ ಮಾಡುತ್ತದೆ. ಬಿಸಿಲಲ್ಲಿ ಬಿದ್ದ ಸ್ಟೀಲ್ ಚಮಚ ಮುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಗಡಿನ ಮಾಡು ಇದ್ದರೆ ಅದಕ್ಕೂ ಬಿಳಿ ಬಳಿಸಿ.

ಸಂಜೆ ತಾರಸಿಗೆ ನೀರು ಹಾಯಿಸೋದು ಸರಿನಾ?

ಕೆಲಸ ಮಾಡುತ್ತದೆ. ಒಂದು ಲೀಟರ್ ನೀರು ಆವಿಯಾಗಿ ಹೋಗುವಾಗ ಸುಮಾರು 0.67 ಯೂನಿಟ್ ಕರೆಂಟಿಗೆ ಸಮನಾದ ಕಾವನ್ನು ಹೊತ್ತುಕೊಂಡು ಹೋಗುತ್ತದೆ. ಆದರೆ ನೀರಿಗೇ ಬರ ಇರುವ ಜಾಗದಲ್ಲಿ ದಿನಾ ಬಕೆಟ್‌ಗಟ್ಟಲೆ ಸುರಿಯುವುದು ನನಗೆ ಒಪ್ಪಿಗೆಯಿಲ್ಲ. ಬಿರುಕು ಇರುವ ತಾರಸಿಯಾದರೆ ಸೋರಿಕೆ, ಕಬ್ಬಿಣಕ್ಕೆ ತುಕ್ಕು ಬೇರೆ. ತೀರಾ ಬೇಕೆನಿಸಿದರೆ ಗೋಣಿಚೀಲ ಹಾಸಿ ಅದು ಒದ್ದೆಯಾಗುವಷ್ಟು ಮಾತ್ರ ಚಿಮುಕಿಸಿ. ನೀರು ನಿಲ್ಲಿಸಬೇಡಿ.

ತಾರಸಿ ಮೇಲೆ ಶೀಟ್ ಹಾಕಿಸೋದಾ, ಸೋಲಾರ್ ಹಾಕಿಸೋದಾ?

ಎರಡೂ ಕೊಡೆಯ ಕೆಲಸ ಮಾಡುತ್ತವೆ. ಮುಖ್ಯವಾದದ್ದು ಕೊಡೆಗೂ ತಾರಸಿಗೂ ನಡುವಿನ ಜಾಗ. ಕನಿಷ್ಠ ಒಂದು ಅಡಿ ಖಾಲಿ ಇರಲಿ, ಎರಡೂ ಬದಿ ತೆರೆದಿರಲಿ. ಕಾದ ಗಾಳಿ ಅಲ್ಲಿ ನಿಲ್ಲದೆ ಹರಿದು ಹೋಗಬೇಕು. ಶೀಟನ್ನು ತಾರಸಿಗೆ ಅಂಟಿದಂತೆ ಹಾಕಿ ನಾಲ್ಕೂ ಕಡೆ ಮುಚ್ಚಿಬಿಟ್ಟರೆ ನೆರಳಿನ ಬದಲು ಒಂದು ಓವನ್ ಕಟ್ಟಿದ ಹಾಗೆ.

ಸೋಲಾರ್ ಪ್ಯಾನೆಲ್‌ಗೆ ಆ ಜಾಗ ತನಗಾಗಿಯೂ ಬೇಕು. ಪ್ಯಾನೆಲ್ ತಾನೇ 25 ಡಿಗ್ರಿಗಿಂತ ಮೇಲೆ ಕಾದಂತೆಲ್ಲ ಡಿಗ್ರಿಗೆ ಸುಮಾರು ಶೇಕಡಾ 0.3ರಿಂದ 0.4ರಷ್ಟು ವಿದ್ಯುತ್ ಕಡಿಮೆ ಕೊಡುತ್ತದೆ. ಕೆಳಗೆ ಗಾಳಿ ಆಡಿದರೆ ಪ್ಯಾನೆಲ್ಲಿಗೂ ಲಾಭ, ನಿಮಗೂ ಲಾಭ. ಬಿರುಗಾಳಿಯ ಊರಲ್ಲಿ ಬೋಲ್ಟ್ ಬಿಗಿತದ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ.

ಥರ್ಮೋಕೋಲ್ ಒಳಗೆ ಹಾಕಿಸಬೇಕಾ, ಹೊರಗಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಆಗುವುದಾದರೆ ಹೊರಗೆ. ಥರ್ಮೋಕೋಲಿನ ಶಕ್ತಿ ಎಷ್ಟು ಅಂದರೆ, 5 ಸೆಂಟಿಮೀಟರ್ ಥರ್ಮೋಕೋಲ್ ತಡೆಯುವ ಕಾವನ್ನು ತಡೆಯಲು ಹೆಚ್ಚು ಕಡಿಮೆ 2 ಮೀಟರ್ ದಪ್ಪದ ಕಾಂಕ್ರೀಟ್ ಬೇಕು. ಹೊರಗೆ ಹೊದಿಸಿದರೆ ಗೋಡೆ, ಸ್ಲ್ಯಾಬ್ ಎಲ್ಲ ಒಳಗಿನ ತಂಪಿನ ಪಾಳಯಕ್ಕೆ ಸೇರುತ್ತವೆ. ರಾತ್ರಿ ತಣಿಸಿದ ಗೋಡೆ ಹಗಲು ನಿಮ್ಮನ್ನು ಕಾಯುತ್ತದೆ. ಒಳಗೆ ಹೊದಿಸಿದರೆ ಅಷ್ಟೂ ಕಾಂಕ್ರೀಟ್ ಬಿಸಿಲಿನ ಪಾಲು.

ಆದರೆ ಹಗಲೆಲ್ಲ ಖಾಲಿ ಇದ್ದು, ಸಂಜೆ ಮಾತ್ರ ಏಸಿ ಹಾಕುವ ಕೋಣೆಗೆ ಒಳಗಿನ ಹೊದಿಕೆಯೇ ವಾಸಿ. ಏಸಿಗೆ ಕಾದ ಗೋಡೆಯನ್ನು ತಣಿಸುವ ಕೆಲಸ ತಪ್ಪುತ್ತದೆ, ಕೋಣೆ ಬೇಗ ತಂಪಾಗುತ್ತದೆ.

ತಾರಸಿಯ ಮೇಲೆ ಹಾಕುವಾಗ ಕ್ರಮ ತಪ್ಪಬಾರದು. ನೀರು ಸೋರದ ಪದರ, ಇನ್ಸುಲೇಶನ್ (ಕಾವು ತಡೆಯುವ ಹೊದಿಕೆ), ಅದರ ಮೇಲೆ ಗಾರೆ ಅಥವಾ ಟೈಲ್ಸ್. ಈ ಕ್ರಮಕ್ಕೆ ಹೊಂದುವುದು ನೀರು ಹೀರದ ಗಟ್ಟಿ ಫೋಮ್ ಹಲಗೆ. ಪ್ಯಾಕಿಂಗಿಗೆ ಬರುವ ಪುಡಿಯಾಗುವ ಥರ್ಮೋಕೋಲ್ ಅಲ್ಲ. ಬರಿಯ ಫೋಮನ್ನು ಬಿಸಿಲಿಗೆ ಬಿಟ್ಟರೆ ಬೇಗ ಹಾಳಾಗುತ್ತದೆ, ಬೆಂಕಿಯ ಅಪಾಯವೂ ಇದೆ. ಒಬ್ಬ ಕಂತ್ರಾಟುದಾರ ನನಗೆ "ಮೇಲೆ ಗಾರೆ ಯಾಕೆ, ಸುಮ್ನೆ ಖರ್ಚು" ಅಂದಿದ್ದ. ಒಪ್ಪಿದ್ದು ನನ್ನದೇ ತಪ್ಪು. ಎರಡನೇ ಬೇಸಿಗೆಗೆ ಅದು ಪುಡಿಪುಡಿಯಾಗಿ ಗಾಳಿಯಲ್ಲಿ ಹಾರುತ್ತಿತ್ತು.

ಮಣ್ಣಿನ ಮನೆ ತಂಪು ಅಂತಾರೆ. ಮಣ್ಣಿಗೆ ಅಂಥ ಗುಣ ಏನಿದೆ?

ಗುಣ ಮಣ್ಣಿನದ್ದಕ್ಕಿಂತ ದಪ್ಪದ್ದು. ಒಂದು ಅಡಿ ದಪ್ಪದ ಮಣ್ಣಿನ ಗೋಡೆಯನ್ನು ದಾಟಲು ಬಿಸಿಗೆ ಸುಮಾರು ಹತ್ತು ಗಂಟೆ ಬೇಕು. ಮಧ್ಯಾಹ್ನದ ಕಾವು ಒಳಗೆ ಬರುವ ಹೊತ್ತಿಗೆ ನಡುರಾತ್ರಿ, ಹೊರಗೆ ತಂಪು. ಆಗ ಕಿಟಕಿ ತೆರೆದಿದ್ದರೆ ಆ ಕಾವು ಹಾಗೇ ಹೊರಟುಹೋಗುತ್ತದೆ. ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫತಿ 1940ರ ದಶಕದಲ್ಲಿ ಲಕ್ಸರ್ ಬಳಿ ನ್ಯೂ ಗೂರ್ನಾ ಹಳ್ಳಿಯನ್ನು ಹಸಿ ಇಟ್ಟಿಗೆಯ ಗೋಡೆ, ಕಮಾನು, ಗುಮ್ಮಟಗಳಲ್ಲಿ ಕಟ್ಟಿದ್ದು ಇದನ್ನೇ ನಂಬಿ.

ತೆಳು ಮಣ್ಣಿನ ಗೋಡೆಗೆ ಈ ಶಕ್ತಿ ಇಲ್ಲ. ದಪ್ಪ ಗೋಡೆ ಇದ್ದೂ ರಾತ್ರಿ ಕಿಟಕಿ ಮುಚ್ಚಿ ಮಲಗಿದರೆ ದಿನದಿಂದ ದಿನಕ್ಕೆ ಕಾವು ಗೋಡೆಯಲ್ಲಿ ಸೇರುತ್ತಲೇ ಹೋಗುತ್ತದೆ. ಆಮೇಲೆ "ಮಣ್ಣಿನ ಮನೆಯೂ ಸೆಕೆ" ಅಂತ ದೂರು.

## ಕಿಟಕಿ, ಗಾಜು, ಧೂಳು

ದಪ್ಪ ಪರದೆ ಹಾಕಿದ್ದೇವೆ. ಆದರೂ ಕಿಟಕಿ ಹತ್ತಿರ ಕೂರಲಾಗಲ್ಲ.

ಪರದೆಯ ತನಕ ಬಂದ ಬಿಸಿಲು ಆಗಲೇ ಮನೆಯೊಳಗೆ ಬಂದಾಯಿತು. ಮಾಮೂಲಿ ಗಾಜು ಬಿಸಿಲಿನ ಬಹುಪಾಲನ್ನು ಒಳಗೆ ಬಿಡುತ್ತದೆ. ಆದರೆ ಕಾದ ಪರದೆ ಹೊರಡಿಸುವ ಶಾಖವನ್ನು ವಾಪಸ್ ಹೊರಗೆ ಬಿಡುವುದಿಲ್ಲ. ನಿಮ್ಮ ಪರದೆ ಈಗ ಒಂದು ಹೀಟರ್.

ಅದೇ ಬಟ್ಟೆಯನ್ನು ಗಾಜಿನ ಹೊರಗೆ ಕಟ್ಟಿದರೆ ಅದು ಹೀರಿದ ಕಾವು ಹೊರಗಿನ ಗಾಳಿಗೇ ಹೋಗುತ್ತದೆ. ಚಾಪೆ, ಮರದ ಪಟ್ಟಿಯ ಬಾಗಿಲು, ಸುತ್ತಿಡುವ ಶಟರ್, ಶೇಡ್ ನೆಟ್, ಯಾವುದಾದರೂ ಸರಿ. ಗಾಜಿನಿಂದ ಒಂದು ಗೇಣು ದೂರ ಇರಲಿ. ಒಳಗಿನ ಪರದೆಯನ್ನು ತೆಗೆಯಬೇಕಿಲ್ಲ. ಬದಲಾಯಿಸುವುದಾದರೆ ಹೊರಗೆ ಕಾಣುವ ಮುಖ ಬಿಳಿ ಇರುವಂಥದ್ದನ್ನು ಹಾಕಿ.

ಪಶ್ಚಿಮದ ಕಿಟಕಿಗೆ ಎರಡು ಅಡಿ ಸಜ್ಜಾ ಇದೆ. ಆದರೂ ಸಂಜೆ ಬಿಸಿಲು ಮುಖಕ್ಕೇ ಹೊಡೆಯುತ್ತೆ.

ಹೊಡೆಯಲೇಬೇಕು. ಸಜ್ಜಾ ಇರುವುದು ಮೇಲಿಂದ ಬರುವ ಬಿಸಿಲಿಗೆ. ಸಂಜೆ ನಾಲ್ಕರ ಮೇಲೆ ಸೂರ್ಯ ಕೆಳಗಿಳಿದು ಸಜ್ಜಾದ ಅಡಿಯಿಂದಲೇ ಇಣುಕುತ್ತಾನೆ. ಅದನ್ನು ಇನ್ನೆರಡು ಅಡಿ ಉದ್ದ ಮಾಡಿದರೂ ಇದೇ ಕಥೆ. ಪೂರ್ವ, ಪಶ್ಚಿಮಕ್ಕೆ ನಿಂತ ತಡೆ ಬೇಕು: ನೇರ ಪಟ್ಟಿಗಳು, ಜಾಲಂಧ್ರ, ಮರ, ಅಥವಾ ಬಳ್ಳಿ ಹಬ್ಬಿಸಿದ ಚಪ್ಪರ. ಜೈಸಲ್ಮೇರಿನ ಹವೇಲಿಗಳ ಕೆತ್ತಿದ ಕಲ್ಲಿನ ಜಾಲಂಧ್ರಗಳು ಬರೀ ಅಂದಕ್ಕಲ್ಲ. ಬಿಸಿಲನ್ನು ಚೂರು ಮಾಡಿ, ಗಾಳಿಯನ್ನು ಮಾತ್ರ ಒಳಗೆ ಬಿಡುವ ಉಪಾಯ ಅದು.

ಗಾಜಿಗೆ ಸನ್ ಫಿಲ್ಮ್ ಅಂಟಿಸಲಾ?

ಹೊರಗೆ ನೆರಳು ಮಾಡಲು ಸಾಧ್ಯವೇ ಇಲ್ಲದಿದ್ದರೆ ಅಂಟಿಸಿ. ಆದರೆ ಎರಡು ಪದರದ ಗಾಜು, ಲ್ಯಾಮಿನೇಟ್ ಮಾಡಿದ ಗಾಜು ಇದ್ದರೆ ಗಾಜಿನ ತಯಾರಕರನ್ನು ಕೇಳದೆ ಮುಂದುವರಿಯಬೇಡಿ. ಫಿಲ್ಮ್ ಕಾವು ಹೀರಿ ಗಾಜು ಒಂದೆಡೆ ಜಾಸ್ತಿ, ಇನ್ನೊಂದೆಡೆ ಕಡಿಮೆ ಕಾದರೆ ಸೀಳಿಬಿಡಬಹುದು. ತೀರಾ ಕಪ್ಪು ಫಿಲ್ಮ್ ಕಂಡರೆ ತಂಪು ಅನ್ನಿಸುತ್ತದೆ, ಅದು ಕಣ್ಣಿಗೆ ಮಾತ್ರ. ಎಷ್ಟು ಬೆಳಕು ತಡೆಯುತ್ತದೆ ಎಂದಲ್ಲ, ಎಷ್ಟು ಶಾಖ ತಡೆಯುತ್ತದೆ ಎಂದು ಕೇಳಿ ಕೊಳ್ಳಿ.

ಧೂಳು ಬಿರುಗಾಳಿ ಬಂದರೆ ಕಿಟಕಿ ಮುಚ್ಚಿದ್ದರೂ ಪಾತ್ರೆ ಮೇಲೆಲ್ಲ ಮರಳು.

ಧೂಳು ಬರುವ ದಾರಿಯಲ್ಲೇ ಬಿಸಿಗಾಳಿಯೂ ಬರುತ್ತದೆ. ಹಾಗಾಗಿ ಮರಳು ನಿಮಗೆ ಒಳ್ಳೆಯ ಗೂಢಚಾರ. ಬಿರುಗಾಳಿ ಮುಗಿದ ಮೇಲೆ ಎಲ್ಲೆಲ್ಲಿ ಮರಳಿನ ಗೆರೆ ಬಿದ್ದಿದೆ ನೋಡಿ, ಅಲ್ಲಿ ರಬ್ಬರ್ ಪಟ್ಟಿ, ಬಾಗಿಲಡಿಗೆ ಬ್ರಷ್ ಪಟ್ಟಿ ಹಾಕಿಸಿ. ಅಡುಗೆಮನೆ, ಬಚ್ಚಲಿನ ಎಕ್ಸಾಸ್ಟ್ ಫ್ಯಾನನ್ನು ಮಧ್ಯಾಹ್ನವಿಡೀ ಓಡಿಸಬೇಡಿ. ಅದು ಹೊರಗೆ ತಳ್ಳಿದಷ್ಟೇ ಗಾಳಿ ಬೇರೆಲ್ಲಿಂದಲೋ ಸಂದಿ ಹುಡುಕಿಕೊಂಡು ಒಳಗೆ ಬರುತ್ತದೆ.

## ಕೂಲರ್, ಏಸಿ, ಫ್ಯಾನ್

ಕೂಲರ್ ಸಾಕಾ, ಏಸಿನೇ ಬೇಕಾ?

ಗಾಳಿ ಎಷ್ಟು ಒಣಗಿದೆ ಎನ್ನುವುದರ ಮೇಲೆ ಹೋಗುತ್ತದೆ. ಹೊರಗೆ 43 ಡಿಗ್ರಿ, ಗಾಳಿಯ ತೇವ ಶೇಕಡಾ 10 ಇದ್ದಾಗ ಒಳ್ಳೆಯ ಪ್ಯಾಡ್ ಇರುವ ಕೂಲರ್ ಸುಮಾರು 25 ಡಿಗ್ರಿಯ ಗಾಳಿ ಕೊಡಬಲ್ಲದು. ಅದೇ 43 ಡಿಗ್ರಿಯಲ್ಲಿ ತೇವ ಶೇಕಡಾ 40ಕ್ಕೆ ಏರಿದರೆ 33ರ ಆಸುಪಾಸಿಗೆ ನಿಲ್ಲುತ್ತದೆ. ಜೊತೆಗೆ ಮೈ ಜಿಗಿಜಿಗಿ. ಅದಕ್ಕೇ ಮರಳುಗಾಡಿನಲ್ಲೂ ಮಳೆಗಾಲದ ಮೋಡ ಬಂದ ದಿನ ಕೂಲರ್ ಕೈಕೊಡುತ್ತದೆ.

ಒಣ ಬೇಸಿಗೆಯ ಊರಲ್ಲಿ ನನ್ನ ಓಟು ಕೂಲರಿಗೇ. ಕರೆಂಟ್ ಬಹಳ ಕಡಿಮೆ ತಿನ್ನುತ್ತದೆ, ಒಣಗಿ ಬಿರಿದ ಮೂಗು, ತುಟಿಗೂ ಹಿತ. ನೀರಿನ ಕೊರತೆ ಇದ್ದರೆ, ಸಮುದ್ರದ ಪಕ್ಕದ ಮರಳುಗಾಡಾದರೆ, ಅಥವಾ ಆಸ್ತಮಾ ಇರುವವರು ಧೂಳಿನಿಂದ ನರಳುತ್ತಿದ್ದರೆ ಏಸಿ ಸರಿ. ಎರಡನ್ನೂ ಒಂದೇ ಕೋಣೆಯಲ್ಲಿ ಒಟ್ಟಿಗೆ ಹಾಕಬೇಡಿ. ಕೂಲರ್ ತುಂಬಿದ ತೇವವನ್ನು ತೆಗೆಯುವುದರಲ್ಲೇ ಏಸಿಗೆ ಸುಸ್ತು.

ಕೂಲರ್ ಮೊದಲ ಅರ್ಧ ಗಂಟೆ ತಂಪು, ಆಮೇಲೆ ಉಸಿರು ಕಟ್ಟಿದ ಹಾಗೆ.

ಕಿಟಕಿ ಮುಚ್ಚಿ ಕೂತಿದ್ದೀರಿ. ಕೂಲರಿಗೆ ಹೊರಗಿನ ಒಣ ಗಾಳಿ ಬೇಕು, ಒಳಗಿನ ಒದ್ದೆ ಗಾಳಿ ಹೋಗಲು ದಾರಿಯೂ ಬೇಕು. ಕೂಲರನ್ನು ಕಿಟಕಿಗೆ ಕೂರಿಸಿ, ಎದುರುಗಡೆಯ ಕಿಟಕಿಯನ್ನು ಒಂದು ಗೇಣು ತೆರೆಯಿರಿ. ಕೋಣೆಯ ನಡುವೆ ಇಟ್ಟ ಕೂಲರ್ ಒದ್ದೆ ಗಾಳಿಯನ್ನೇ ಸುತ್ತಿಸುತ್ತಿರುತ್ತದೆ. ನೀರನ್ನು ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ಉಜ್ಜಿ ತೊಳೆಯಿರಿ. ಇಲ್ಲದಿದ್ದರೆ ಸೊಳ್ಳೆ, ವಾಸನೆ, ಪ್ಯಾಡ್ ಮೇಲೆ ಉಪ್ಪಿನ ಹೆಕ್ಕಳ.

ಏಸಿ 18ಕ್ಕೆ ಇಟ್ಟರೂ 30ಕ್ಕಿಂತ ಕೆಳಗೆ ಇಳಿಯಲ್ಲ. ಕೆಟ್ಟಿದೆಯಾ?

ಕೆಟ್ಟಿರಬೇಕೆಂದೇನಿಲ್ಲ. ಮೊದಲು ಫಿಲ್ಟರ್ ತೆಗೆದು ನೋಡಿ. ಧೂಳಿನ ಊರಲ್ಲಿ ಬೇಸಿಗೆಯಿಡೀ ಎರಡು ವಾರಕ್ಕೊಮ್ಮೆ, ಬಿರುಗಾಳಿ ಬಂದ ಮರುದಿನ ತಪ್ಪದೆ ತೊಳೆಯಬೇಕು. ಆಮೇಲೆ ಹೊರಗಿನ ಯೂನಿಟ್. ಅದು ಕೋಣೆಯ ಕಾವನ್ನು ಹೊರಗಿನ ಗಾಳಿಗೆ ಸುರಿಯಬೇಕು. ಪಶ್ಚಿಮದ ಬಿಸಿಲಲ್ಲಿ, ಮೂಲೆಯಲ್ಲಿ, ತನ್ನ ಬಿಸಿ ಉಸಿರನ್ನೇ ಮತ್ತೆ ಎಳೆದುಕೊಳ್ಳುವ ಹಾಗೆ ಕೂರಿಸಿದ್ದರೆ ಎಂಥ ಏಸಿಯೂ ಸೋಲುತ್ತದೆ. ಮೇಲೆ ನೆರಳು ಮಾಡಿ, ಆದರೆ ಬದಿಗಳನ್ನು ಮುಚ್ಚಬೇಡಿ.

ಇದೆಲ್ಲ ಸರಿಯಿದ್ದೂ ತಂಪಾಗದಿದ್ದರೆ ಮೇಲೆ ನೋಡಿ. ಮೈಗೆ ತಾಗುವ ಬಿಸಿ ಗಾಳಿಯದ್ದಷ್ಟೇ ಅಲ್ಲ, ಸುತ್ತಲಿನ ಗೋಡೆ, ಛಾವಣಿಗಳದ್ದೂ ಹೌದು. ಹೆಚ್ಚು ಕಡಿಮೆ ಎರಡರ ಸರಾಸರಿ ನಮ್ಮ ಅನುಭವಕ್ಕೆ ಬರುತ್ತದೆ. ಗಾಳಿ 24 ಇದ್ದು ಛಾವಣಿ, ಗೋಡೆಗಳು 38 ಇದ್ದರೆ ನಿಮಗೆ 31ರಲ್ಲಿ ಕೂತ ಹಾಗೆ. ಸೊನ್ನೆಗೆ ಇಟ್ಟರೂ ಛಾವಣಿ ಉರಿಯುವುದನ್ನು ಏಸಿ ನಿಲ್ಲಿಸಲಾರದು. 18ಕ್ಕೆ ಇಟ್ಟರೆ ಬೇಗ ತಂಪಾಗುತ್ತದೆ ಎನ್ನುವುದೂ ಭ್ರಮೆಯೇ. ಇನ್ವರ್ಟರ್ ಇಲ್ಲದ ಸಾಮಾನ್ಯ ಏಸಿ 18ಕ್ಕೂ 26ಕ್ಕೂ ಒಂದೇ ವೇಗದಲ್ಲಿ ದುಡಿಯುತ್ತದೆ, 18ಕ್ಕೆ ನಿಲ್ಲುವುದು ತಡ, ಅಷ್ಟೇ.

ಫ್ಯಾನ್ ಬಿಸಿಗಾಳಿನೇ ಎಸೆಯುತ್ತೆ. ಹಾಕೋದಾ ಬೇಡ್ವಾ?

ಫ್ಯಾನ್ ಗಾಳಿಯನ್ನು ತಣಿಸುವುದಿಲ್ಲ, ಬೆವರನ್ನು ಆರಿಸುತ್ತದೆ. ನಮ್ಮ ಚರ್ಮ ಸುಮಾರು 35 ಡಿಗ್ರಿ. ಕೋಣೆಯ ಗಾಳಿ ಅದಕ್ಕಿಂತ ಬಿಸಿಯಾದ ಮೇಲೆ ಫ್ಯಾನ್ ಒಂದು ಕೈಯಲ್ಲಿ ಕಾವು ಕೊಡುತ್ತದೆ, ಇನ್ನೊಂದು ಕೈಯಲ್ಲಿ ಬೆವರಾರಿಸಿ ತೆಗೆದುಕೊಳ್ಳುತ್ತದೆ. 40 ದಾಟಿದರೆ ಫ್ಯಾನ್ ಮೈಯನ್ನು ಕಾಯಿಸುತ್ತದೆ ಎಂದೇ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ. ಬೆವರು ಸರಿಯಾಗಿ ಬರದ ವಯಸ್ಸಾದವರಿಗೆ ಇದು ಇನ್ನೂ ಅಪಾಯ. ಅಂಥ ಹೊತ್ತಿನಲ್ಲಿ ತೋಳು, ಕತ್ತು ಒದ್ದೆ ಮಾಡಿಕೊಳ್ಳಿ, ಒದ್ದೆ ಬಟ್ಟೆ ಹೊದ್ದುಕೊಳ್ಳಿ. ಖಾಲಿ ಕೋಣೆಯಲ್ಲಿ ಫ್ಯಾನ್ ಓಡಿಸಿದರೆ ಮೋಟಾರಿನ ಬಿಸಿ ಮಾತ್ರ ಲಾಭ.

ಫ್ರಿಜ್ ಬಾಗಿಲು ತೆರೆದಿಟ್ಟರೆ?

ಕೋಣೆ ಇನ್ನೂ ಬಿಸಿಯಾಗುತ್ತದೆ. ಮುಂದಿನಿಂದ ತೆಗೆದ ಕಾವನ್ನು ಅದು ಹಿಂದಿನಿಂದ ಬಿಡುತ್ತದೆ, ಕರೆಂಟಿನ ಕಾವನ್ನೂ ಸೇರಿಸಿ.

ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು. ತಾರಸಿ ಟ್ಯಾಂಕಿಗೆ ಏನು ಮಾಡೋದು?

ಟ್ಯಾಂಕಿಗೆ ನೆರಳು ಕಟ್ಟಿ, ಬಿಳಿ ಬಳಿಯಿರಿ, ಬಿಸಿಲಲ್ಲಿ ಓಡುವ ಪೈಪಿಗೆ ಫೋಮ್ ಸುತ್ತಿ. ಹೊಸ ಮನೆಯಾದರೆ ನೆಲದಡಿಯ ಸಂಪಿನಲ್ಲೇ ಜಾಸ್ತಿ ನೀರು ಇಡಿ, ಮೇಲಿನ ಟ್ಯಾಂಕ್ ಚಿಕ್ಕದಿರಲಿ. ಕೆಲವರು ಬೇಸಿಗೆಯಲ್ಲಿ ಗೀಸರ್ ಆರಿಸಿಟ್ಟು ಅದರಲ್ಲಿ ತಣ್ಣೀರು ತುಂಬಿಟ್ಟುಕೊಳ್ಳುತ್ತಾರೆ. ಜಾಣತನವೇ, ಆದರೆ ಉಗುರುಬೆಚ್ಚಗಿನ ನೀರು ದಿನಗಟ್ಟಲೆ ನಿಂತರೆ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು. ದಿನಾ ಬಳಸಿ ಖಾಲಿ ಮಾಡಿ.

## ಹೊಸದಾಗಿ ಕಟ್ಟುವವರಿಗೆ, ಆಳಕ್ಕೆ ಇಳಿಯುವವರಿಗೆ

ನಿವೇಶನ ಇದೆ. ಯಾವ ದಿಕ್ಕಿಗೆ ಮನೆ ಕಟ್ಟಲಿ?

ಮನೆಯ ಉದ್ದ ಪೂರ್ವ ಪಶ್ಚಿಮವಾಗಿ ಚಾಚಿಕೊಳ್ಳಲಿ. ಆಗ ಉದ್ದ ಗೋಡೆಗಳು ಉತ್ತರ, ದಕ್ಷಿಣಕ್ಕೆ ಬರುತ್ತವೆ, ಕಿಟಕಿಗಳನ್ನು ಅಲ್ಲೇ ಇಡಬಹುದು. ಗಿಡ್ಡ ಗೋಡೆಗಳು ಪೂರ್ವ, ಪಶ್ಚಿಮದ ಬಿಸಿಲು ತಿನ್ನಲಿ. ಪಶ್ಚಿಮಕ್ಕೆ ಮೆಟ್ಟಿಲು, ಬಚ್ಚಲು, ಉಗ್ರಾಣ, ಕಾರು ನಿಲ್ಲಿಸುವ ಜಾಗ ಹಾಕಿ. ಅವು ಬಿಸಿಯಾದರೆ ಯಾರಿಗೂ ನಷ್ಟವಿಲ್ಲ. ಮಲಗುವ ಕೋಣೆಯನ್ನು ಅಲ್ಲಿ ಹಾಕಿದವರು ಬೇಸಿಗೆಗೊಮ್ಮೆ ಪಶ್ಚಾತ್ತಾಪ ಪಡುತ್ತಾರೆ.

ಇರಾನಿನ ಗಾಳಿ ಗೋಪುರ ನಮ್ಮ ಮನೆಗೂ ಕಟ್ಟಿಸಬಹುದಾ?

ಕಟ್ಟಿಸಬಹುದು, ಆದರೆ ಗೋಪುರ ಒಂದನ್ನೇ ನಕಲು ಮಾಡಿದರೆ ಆಗದು. 2017ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಯಜ್ದ್ ನಗರದ ಬಾದ್‌ಗೀರ್‌ಗಳು, ಅಂದರೆ ಗಾಳಿ ಗೋಪುರಗಳು, ಇದಕ್ಕೆ ಹೆಸರುವಾಸಿ. ಅಲ್ಲಿನ ದೌಲತಾಬಾದ್ ತೋಟದ ಗೋಪುರ 33 ಮೀಟರ್ ಎತ್ತರ. ಗೋಪುರ ಮೇಲಿನ ಗಾಳಿಯನ್ನು ಹಿಡಿದು ಕೆಳಗಿಳಿಸುತ್ತದೆ. ಗಾಳಿ ಇಲ್ಲದ ಹೊತ್ತಿನಲ್ಲಿ ಅದೇ ಗೋಪುರ ಚಿಮಣಿಯಾಗಿ ಒಳಗಿನ ಕಾವನ್ನು ಮೇಲಕ್ಕೆಳೆಯುತ್ತದೆ. ನಿಜವಾದ ತಂಪು ಬರುವುದು ಆ ಗಾಳಿ ಕೊಳದ ನೀರನ್ನೋ ನೆಲದಡಿಯ ಕಾಲುವೆಯ ತಂಪನ್ನೋ ಸವರಿಕೊಂಡು ಬಂದಾಗ. ದಪ್ಪ ಗೋಡೆ, ಒಳ ಅಂಗಳ, ಇಕ್ಕಟ್ಟಾದ ನೆರಳಿನ ಓಣಿ ಎಲ್ಲ ಸೇರಿ ಅದು ಒಂದು ವ್ಯವಸ್ಥೆ.

ಇಂದಿನ ಮನೆಗೆ ಇದರ ಸುಲಭ ರೂಪ ಹೀಗೆ: ನೆರಳಿರುವ ಬದಿಯಲ್ಲಿ ತಗ್ಗಿನ ಕಿಟಕಿ, ಮೆಟ್ಟಿಲ ಕೋಣೆಯ ತುದಿಯಲ್ಲಿ ತೆರೆದು ಮುಚ್ಚುವ ವೆಂಟಿಲೇಟರ್. ರಾತ್ರಿ ಎರಡನ್ನೂ ತೆರೆದರೆ ಬಿಸಿಗಾಳಿ ತಾನಾಗಿ ಮೇಲೇರಿ ಹೊರಟುಹೋಗುತ್ತದೆ. ಹಗಲು ಮುಚ್ಚಲು ಕೈಗೆಟುಕುವ ಸರಪಳಿ ಹಾಕಿಸುವುದನ್ನು ಮರೆಯಬೇಡಿ. ಎಷ್ಟೋ ಮನೆಗಳಲ್ಲಿ ಇದೊಂದು ಇಲ್ಲದೆ ವೆಂಟಿಲೇಟರ್ ವರ್ಷವಿಡೀ ತೆರೆದೇ ಇರುತ್ತದೆ.

ನೆಲದಡಿ ಕೋಣೆ ಮಾಡಿಕೊಂಡರೆ?

ದಕ್ಷಿಣ ಆಸ್ಟ್ರೇಲಿಯಾದ ಕೂಬರ್ ಪೀಡಿ ಎಂಬ ಗಣಿ ಊರಿನ ಜನ ಮಾಡಿರುವುದು ಇದನ್ನೇ. ಮೇಲೆ 45 ಡಿಗ್ರಿ ಉರಿಯುತ್ತಿದ್ದರೂ ಕಲ್ಲಿನಲ್ಲಿ ಕೊರೆದ ಮನೆಗಳ ಒಳಗೆ 23ರಿಂದ 25 ಡಿಗ್ರಿ. ಟುನೀಸಿಯಾದ ಮತ್ಮಾತಾದಲ್ಲಿ ದೊಡ್ಡ ಗುಂಡಿ ತೋಡಿ, ಅದರ ಸುತ್ತ ಕೋಣೆ ಕೊರೆದಿದ್ದಾರೆ. ಕೆಲವು ಮೀಟರ್ ಆಳದಲ್ಲಿ ನೆಲ ವರ್ಷವಿಡೀ ಆ ಊರಿನ ಸರಾಸರಿ ಬಿಸಿಯ ಆಸುಪಾಸಿನಲ್ಲೇ ಇರುತ್ತದೆ. ಸರಾಸರಿಯೇ 28, 29 ಇರುವ ಊರಲ್ಲಿ ಕೂಬರ್ ಪೀಡಿಯ ತಂಪನ್ನು ನಿರೀಕ್ಷಿಸಬೇಡಿ. ಗಾಳಿ ಓಡಾಟ, ಅಪರೂಪದ ಬಿರುಮಳೆಯ ನೀರು, ಎರಡನೇ ಬಾಗಿಲು, ಈ ಮೂರನ್ನು ಎಂಜಿನಿಯರ್ ಹತ್ತಿರ ಇತ್ಯರ್ಥ ಮಾಡಿಕೊಂಡೇ ಅಗೆಯಿರಿ.

ತಾರಸಿ ಮೇಲೆ ಮಲಗಿದರೆ ಬೆಳಗಿನ ಜಾವ ಹೊದಿಕೆ ಬೇಕೆನಿಸುತ್ತೆ. ಆ ತಂಪನ್ನು ಒಳಗೆ ತರಲಾಗದಾ?

ಒಳ್ಳೆಯ ಪ್ರಶ್ನೆ. ರಾತ್ರಿ ಭೂಮಿಯ ಮೇಲಿನ ಎಲ್ಲವೂ ಆಕಾಶದ ಕಡೆ ಶಾಖ ಸೂಸುತ್ತಿರುತ್ತವೆ. ಒಣಗಿದ, ಮೋಡವಿಲ್ಲದ ಆಕಾಶ ಅದನ್ನು ವಾಪಸ್ ಕಳಿಸುವುದು ಕಡಿಮೆ. ಹಾಗಾಗಿ ಆಕಾಶಕ್ಕೆ ಮುಖ ಮಾಡಿದ ಮೈ ಗಾಳಿಗಿಂತಲೂ ತಣ್ಣಗಾಗುತ್ತದೆ. ಹಳೆಯ ಪರ್ಷಿಯಾದಲ್ಲಿ ಚಳಿಗಾಲದ ರಾತ್ರಿ ತೆಳು ಕೊಳಗಳಲ್ಲಿ ನೀರು ಹೆಪ್ಪುಗಟ್ಟಿಸಿ, ಯಖ್‌ಚಾಲ್ ಎಂಬ ಮಣ್ಣಿನ ಗುಮ್ಮಟಗಳಲ್ಲಿ ಬೇಸಿಗೆಗೆ ಕಾದಿಡುತ್ತಿದ್ದರು.

ಮನೆಯಲ್ಲಿ ಇದನ್ನು ಹಿಡಿಯುವ ಸುಲಭದ ದಾರಿ ಅಂದರೆ ಸರಿಸುವ ಶೇಡ್ ನೆಟ್. ಹಗಲು ತಾರಸಿಯ ಮೇಲೆ ಎಳೆಯಿರಿ, ಸೂರ್ಯ ಮುಳುಗಿದ ಕೂಡಲೇ ಸುತ್ತಿ ತಾರಸಿಗೆ ಆಕಾಶ ತೋರಿಸಿ. ಖಾಯಂ ಆಗಿ ಮುಚ್ಚಿದ ನೆರಳು ಹಗಲು ಕಾಪಾಡುತ್ತದೆ, ರಾತ್ರಿ ತಾರಸಿ ತಣಿಯಲು ಅಡ್ಡ ಬರುತ್ತದೆ.

ಮರ ನೆಡೋಣ ಅಂದರೆ ನೀರಿಲ್ಲ. ಯಾವ ಮರ?

ಆ ನೆಲಕ್ಕೆ ಹುಟ್ಟಿದ ಮರ. ಬನ್ನಿ ಮರವನ್ನೇ ನೋಡಿ. ಥಾರ್ ಮರುಭೂಮಿಯ ಖೇಜ್ರಿ, ಅರಬ್ ನಾಡಿನ ಗಾಫ್ ಎಲ್ಲ ಅದೇ ಮರ. ಬೇರು ಹತ್ತಾರು ಮೀಟರ್ ಆಳಕ್ಕೆ ಇಳಿದು ನೀರು ಹುಡುಕಿಕೊಳ್ಳುತ್ತದೆ. ಮೊದಲ ಕೆಲವು ವರ್ಷ ಮಾತ್ರ ನೀವು ಕೈಹಿಡಿಯಬೇಕು, ಬಟ್ಟೆ ಜಾಲಾಡಿದ ನೀರು ಸಾಕು. ಪಶ್ಚಿಮಕ್ಕೆ, ಗೋಡೆಯಿಂದ ನಾಲ್ಕೈದು ಮೀಟರ್ ದೂರ ನೆಡಿ. ಹುಲ್ಲುಹಾಸಿನ ಆಸೆ ಬಿಡಿ. ಅದಕ್ಕೆ ಸುರಿಯುವ ನೀರಿನಲ್ಲಿ ಹತ್ತು ಮರ ಬದುಕುತ್ತವೆ.

ಬಿಸಿಗಾಳಿಯ ದಿನ ಕರೆಂಟ್ ಹೋದರೆ? ಮನೆಯಲ್ಲಿ ವಯಸ್ಸಾದ ಅಮ್ಮ ಇದ್ದಾರೆ.

ಬೇಸಿಗೆಗೆ ಮುಂಚೆಯೇ ಒಂದು ಕೋಣೆ ಆರಿಸಿಡಿ. ಕೆಳಗಿನ ಮಹಡಿ, ಉತ್ತರ ದಿಕ್ಕು, ಚಿಕ್ಕ ಕಿಟಕಿ ಇರುವಂಥದ್ದು. ಅದಕ್ಕೆ ಮೊದಲು ನೆರಳು, ಇನ್ಸುಲೇಶನ್ ಮಾಡಿಸಿ. ಕರೆಂಟ್ ಹೋದ ಕೂಡಲೇ ಅಮ್ಮನನ್ನು ಅಲ್ಲಿಗೆ ಕರೆದೊಯ್ಯಿರಿ. ಎಲ್ಲರೂ ಅಲ್ಲೇ ಸೇರಬೇಡಿ. ಸುಮ್ಮನೆ ಕೂತ ಒಬ್ಬ ಮನುಷ್ಯನ ಮೈಯಿಂದ ಸುಮಾರು 100 ವಾಟ್ ಕಾವು ಬರುತ್ತದೆ, ಹತ್ತು ಜನ ಸೇರಿದರೆ ಒಂದು ಹೀಟರ್. ಒಲೆ ಹಚ್ಚಬೇಡಿ. ಕುಡಿಯುವ ನೀರು, ಚಿಮುಕಿಸುವ ಬಾಟಲಿ, ಹತ್ತಿ ಬಟ್ಟೆ, ಬ್ಯಾಟರಿ ಫ್ಯಾನ್ ಅದೇ ಕೋಣೆಯಲ್ಲಿ ಇರಲಿ.

ವಯಸ್ಸಾದವರಿಗೆ ಬಾಯಾರಿಕೆ ಗೊತ್ತಾಗುವುದು ತಡ. "ನೀರು ಬೇಕಾ ಅಮ್ಮ" ಅಂತ ಕೇಳಬೇಡಿ, ಲೋಟ ಕೈಗೆ ಕೊಡಿ. ವೈದ್ಯರು ನೀರಿಗೆ ಮಿತಿ ಹಾಕಿದ್ದರೆ ಅಥವಾ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಬೇಸಿಗೆಯ ಲೆಕ್ಕವನ್ನು ವೈದ್ಯರ ಬಳಿ ಮೊದಲೇ ಕೇಳಿಟ್ಟುಕೊಳ್ಳಿ.

ಮಾತು ತೊದಲಿದರೆ, ಎಲ್ಲಿದ್ದೇನೆ ಎಂಬುದು ತಿಳಿಯದಂತಾದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಬರೀ ಸುಸ್ತಲ್ಲ, ಶಾಖಾಘಾತ. ಮೈಯ ಬಿಸಿ 40 ಡಿಗ್ರಿ ದಾಟಿರಬಹುದು. ಆಂಬುಲೆನ್ಸ್ ಕರೆಯಿರಿ, ಅದು ಬರುವ ತನಕ ಕಾಯದೆ ಮೈಮೇಲೆ ನೀರು ಸುರಿದು ಗಾಳಿ ಹಾಕಿ. ಕಂಕುಳು, ಕತ್ತು, ತೊಡೆಸಂದಿಗೆ ತಣ್ಣನೆಯ ಬಟ್ಟೆ ಇಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು ಹಾಕಬೇಡಿ.